ಒಂದು ತಲೆ ಹೆಚ್ಚು

ಕಾಲ ಕೆಳಗೆ ಏನೂ ಇರಲಿಲ್ಲ!

ಇದ್ದದ್ದು ಮೂರು ಮಹಡಿಯಷ್ಟು ಗಾಳಿ. ಅದರ ಕೆಳಗೆ ಬಣ್ಣ ಹಾಕುವವರ ಕುದಿಯುವ ಹಂಡೆಗಳು. ಒಂದು ಕೆಂಪು, ಒಂದು ನೀಲಿ. ಯಾವುದರಲ್ಲಿ ಬೀಳುತ್ತೇನೆ ಅನ್ನುವುದಷ್ಟೇ ಉಳಿದಿದ್ದ ಪ್ರಶ್ನೆ.

ಮಾಳಿಗೆಯ ಅಂಚಿನಲ್ಲಿ ನನ್ನ ಎಂಟು ಬೆರಳುಗಳಿದ್ದವು... ಆಮೇಲೆ ಆರು.

ನಾನು ಅಟ್ಟಿಸಿಕೊಂಡು ಬಂದವನು ಎದುರಿನ ಮಾಳಿಗೆಗೆ ಹಾರಿಯಾಗಿತ್ತು. ಹಗ್ಗ ಮಾರುವವನು. ಹೆಗಲ ಮೇಲೆ ಮೂರು ಸುರುಳಿ ಹಗ್ಗ. ನಿಂತ. ತಿರುಗಿ ನೋಡಿದ.

"ಹೋಗೋ! ಇನ್ಯಾಕೆ ನೋಡ್ತೀಯ?" ಎಂದೆ.

"ಸಾಯೋವಾಗಲೂ ಜಂಬ ನೋಡು ಇವನಿಗೆ!" ಎಂದು ಬೈಯುತ್ತಲೇ ವಾಪಸ್ ಬಂದ. ಹಗ್ಗ ಎಸೆದ. "ಹಿಡ್ಕೊಳೋ ಪುಣ್ಯಾತ್ಮ!"

ಅವನ ಹಗ್ಗ ಹಿಡಿದು ಮೇಲೆ ಬಂದೆ. ಸ್ವಲ್ಪ ಉಸಿರು ತೆಗೆದುಕೊಂಡೆ. ಅದೇ ಹಗ್ಗದಿಂದ ಅವನ ಕೈ ಕಟ್ಟಿದೆ.

ಹಾಗೆ ನೋಡಬೇಡಿ ಸ್ವಾಮಿ. ಡ್ಯೂಟಿ ಅಂದರೆ ಡ್ಯೂಟಿ. ನೀವು ಆ ಊರಿನೊಳಗೆ ಹೋಗುವವರು. ಅದರ ರೀತಿ ಮೊದಲು ತಿಳಿದುಕೊಳ್ಳಿ.

ಅದು ಈರುಳ್ಳಿಯಂಥ ಊರು. ಗೋಡೆಯೊಳಗೆ ಗೋಡೆ, ಒಟ್ಟು ಮೂರು. ಒಳಗಿನದೇ ಮೊದಲಿನದು. ದಾರಿಹೋಕ ವ್ಯಾಪಾರಿಗಳು ಒಂದು ಬಾವಿಯ ಸುತ್ತ ಕಟ್ಟಿಕೊಂಡದ್ದು. ವ್ಯಾಪಾರ ಬೆಳೆದ ಹಾಗೆ ಇನ್ನೆರಡು ಎದ್ದವು. ಹೊರಗೋಡೆಗೆ ನಾಲ್ಕು ಬಾಗಿಲು. ಉಪ್ಪಿನದು, ತೊಗಲಿನದು, ನೂಲಿನದು, ಕಬ್ಬಿಣದ್ದು. ಯಾವ ಸರಕು ತಂದಿರೋ ಆ ಬಾಗಿಲು. ಒಳಗೆ ನಲವತ್ತೊಂದು ಓಣಿ.

ಹಿಂದೊಮ್ಮೆ ಹನ್ನೊಂದು ಜನ ಉಪ್ಪಿನ ಮೂಟೆಗಳಲ್ಲಿ ಕೂತು ಒಳಗೆ ಬಂದರು. ಒಳಗಿನಿಂದ ಬಾಗಿಲು ತೆಗೆದರು. ಅರ್ಧ ಊರು ಸುಟ್ಟುಹೋಯಿತು! ಅಂದಿನಿಂದ ದಿನಾ ನಡುಹಗಲಿಗೆ ಗಂಟೆ ಹೊಡೆದು, ಬಾಗಿಲು ಮುಚ್ಚಿ, ತಲೆ ಎಣಿಸುತ್ತಾರೆ. ಊರವರನ್ನು ಓಣಿಯಲ್ಲಿ, ಹೊರಗಿನವರನ್ನು ತಂಗುಮನೆಗಳಲ್ಲಿ. ಲೆಕ್ಕ ಕೂಡದಿದ್ದರೆ ಬಾಗಿಲು ತೆಗೆಯುವುದಿಲ್ಲ.

ಇನ್ನೊಂದು ವಿಚಿತ್ರ. ಸತ್ತವರನ್ನೂ ಎಂಟು ದಿನ ಎಣಿಸುತ್ತಾರೆ. ಹಳೆಯ ಮುತ್ತಿಗೆಯೊಂದರಲ್ಲಿ ತಲೆಗಿಷ್ಟು ಎಂದು ಕಾಳು ಹಂಚುತ್ತಿದ್ದರಂತೆ. ಜನ ಹೆಣ ಬಚ್ಚಿಟ್ಟು ಸತ್ತವರ ಪಾಲನ್ನೂ ತರುತ್ತಿದ್ದರು. ಶಿಕ್ಷೆ ಕೊಟ್ಟು ಕೊಟ್ಟು ಸಾಕಾಗಿ ಹಿರಿಯರು ಅಂದರು, ಎಂಟು ದಿನ ಬದುಕಿದ್ದಾರೆ ಅಂತಲೇ ಇರಲಿ ಬಿಡಿ. ಒಂಬತ್ತನೆಯ ದಿನ ಬೆಳಿಗ್ಗೆ ಹೆಸರು ಹೊಡೆದುಹಾಕುತ್ತಾರೆ.

ನನ್ನ ಕೆಲಸ? ತಲೆ ಹೆಚ್ಚಾದರೆ ಹುಡುಕಿಕೊಡುವುದು. ಹತ್ತೊಂಬತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ. "ಊರ ತಲೆಯೆಲ್ಲ ಹುಡುಕ್ತೀಯ, ನಿನ್ನ ಚಪ್ಪಲಿ ಮಾತ್ರ ನಾನೇ ಹುಡುಕಬೇಕು" ಅನ್ನುತ್ತಿದ್ದಳು ನನ್ನ ಅಕ್ಕ.

ಅಕ್ಕ ಹೋದ ಮೇಲೆ ಅಡುಗೆಯೂ ನನ್ನದೇ. ಆವತ್ತು ಗಂಜಿ ತಳ ಹಿಡಿಯುತ್ತಿತ್ತು. ಗಂಟೆ ಹೊಡೆಯಿತು. ಒಲೆಯ ಮುಂದಿನಿಂದಲೇ ಕೂಗಿದೆ.

ನಮ್ಮದು ಕಲ್ಲುಕುಟಿಗರ ಓಣಿ. ಎರಡು ಗೋಡೆಗಳ ನಡುವೆ ಇದೆ. ಗೋಡೆ ಕಟ್ಟಿದವರು ಇದ್ದ ಓಣಿ. ಒಂದು ಕಾಲಕ್ಕೆ ಅರವತ್ತು ಮನೆ. ಮೂರನೆಯ ಗೋಡೆ ಮುಗಿಯಿತು, ಕೆಲಸ ಮುಗಿಯಿತು, ಜನ ಹೊರಟುಹೋದರು. ಈಗ ದೀಪ ಹತ್ತುವುದು ನನ್ನ ಮನೆಯಲ್ಲೊಂದೇ. ಎಣಿಕೆಯ ಅಜ್ಜಿಗೆ ಮಂಡಿನೋವು. ಓಣಿಯ ತುದಿಯಲ್ಲೇ ನಿಂತು, ಕೂಗು ಕೇಳಿ, ತಲೆಗೊಂದು ಕಲ್ಲನ್ನು ಗಡಿಗೆಗೆ ಹಾಕಿ ಹೋಗುತ್ತಾಳೆ.

ಬಡಿಸಿದ ಗಂಜಿ ಬಾಯಿಗಿಡುವ ಮೊದಲೇ ಆಳು ಬಂದ.

"ಒಂದು ತಲೆ ಹೆಚ್ಚು! ದಳಪತಿ ಕರೀತಿದ್ದಾರೆ!"

ಇರಬೇಕಾದದ್ದು ಒಂಬತ್ತು ಸಾವಿರದ ಇನ್ನೂರ ಹದಿಮೂರು. ಎಣಿಕೆಗೆ ಸಿಕ್ಕಿದ್ದು ಹದಿನಾಲ್ಕು.

ಮೂರು ತಾಸು ಹುಡುಕಿದೆ. ನೂಲಿನ ಬೀದಿಯಲ್ಲಿ ಹಗ್ಗದವನ ಬಿಲ್ಲೆ ಕೇಳಿದೆ. ಹೊರಗಿನಿಂದ ಬಂದವರಿಗೆಲ್ಲ ಬಾಗಿಲಲ್ಲಿ ಕೊಡುವ ತಾಮ್ರದ ಬಿಲ್ಲೆ. ಅವನು ಕಿಸೆ ತಡಕಿದ. ಬೆವರಿದ. ಓಡಿದ!

ಮುಂದಿನದು ನಿಮಗೆ ಗೊತ್ತು.

ಹೊರಗೋಡೆಯ ಮೇಲೆ ದಳಪತಿ ಕಾಯುತ್ತಿದ್ದ. ಊರೆಲ್ಲ ಅವನನ್ನು ಗಂಟುಮೋರೆ ಎಂದೇ ಕರೆಯುತ್ತದೆ.

"ಬಿಲ್ಲೆ ಎಲ್ಲಿ?"

"ಕಳೆದುಹೋಯ್ತು ಸ್ವಾಮಿ."

"ಕಳ್ಕೊಂಡವನು ಓಡಿದ್ಯಾಕೆ?"

"ಇವರ ಮುಖ ನೋಡಿ ಸ್ವಾಮಿ. ನೀವಾಗಿದ್ರೆ ನಿಲ್ತಿದ್ರಾ?"

ಗಂಟುಮೋರೆ ನಗಲಿಲ್ಲ. "ಬಾಗಿಲಿಲ್ಲದೆ ಬಂದವನು ಬಾಗಿಲಿಲ್ಲದೆ ಹೋಗಬೇಕು. ಹೊತ್ತು ಮುಳುಗಿದ ತಕ್ಷಣ."

ಅಂದರೆ ಗೋಡೆಯ ಮೇಲಿನಿಂದ ಕೆಳಕ್ಕೆ. ಹನ್ನೆರಡು ಆಳೆತ್ತರ!

ಹಗ್ಗದವನು ನನ್ನನ್ನು ನೋಡಿದ. "ಅಣ್ಣಾ... ನಾನು ವಾಪಸ್ ಬರಬಾರದಿತ್ತು, ಅಲ್ವಾ?"

ಮೆಟ್ಟಿಲು ಇಳಿದೆ. ಆದರೆ ತಲೆಯೊಳಗೊಂದು ಮುಳ್ಳು ಆಡುತ್ತಿತ್ತು. ಕದ್ದು ಬಂದವನು ಬಣ್ಣದ ಹಂಡೆಗೆ ಬೀಳುವ ತಲೆಹುಡುಕನನ್ನು ಯಾಕೆ ಎತ್ತುತ್ತಾನೆ?

ಅವನು ಇಳಿದುಕೊಂಡಿದ್ದ ತಂಗುಮನೆಗೆ ಹೋದೆ. ಒಡತಿ ಸೊಪ್ಪು ಬಿಡಿಸುತ್ತಿದ್ದಳು.

"ಹಗ್ಗದೋನಾ? ಗಂಟೆ ಹೊಡೆದಾಗ ಇಲ್ಲೇ ಕೂತಿದ್ನಲ್ಲ! ನಮ್ಮ ಬಾವಿಗೆ ಹಗ್ಗ ಹೊಸೀತಿದ್ದ. ಎಣಿಸಿದ್ದೀನಿ."

ಎಣಿಕೆಮನೆಗೆ ಓಡಿದೆ. ನಾಲ್ಕು ಬಾಗಿಲುಗಳಲ್ಲಿ ಕೊಟ್ಟ ಬಿಲ್ಲೆ ಮುನ್ನೂರ ಆರು. ತಂಗುಮನೆಗಳ ತಲೆ ಮುನ್ನೂರ ಆರು. ಸರಿಯಾಗಿತ್ತು! ಹಗ್ಗದವನು ಅದರೊಳಗೇ ಇದ್ದ. ಅವನು ಬಿಲ್ಲೆ ಕಳೆದುಕೊಂಡ ದಡ್ಡ, ಅಷ್ಟೆ. ಹೆಚ್ಚಿನ ತಲೆ ಇದ್ದದ್ದು ಯಾವುದೋ ಓಣಿಯಲ್ಲಿ.

ಓಣಿಗೊಂದರಂತೆ ಇಟ್ಟಿದ್ದ ಗಡಿಗೆಗಳನ್ನು ಒಂದೊಂದಾಗಿ ಸುರಿದೆ. ಲಿಸ್ಟಿನ ಜೊತೆ ನೋಡಿದೆ. ನಲವತ್ತು ಓಣಿ ಸರಿ ಇದ್ದವು.

ನಲವತ್ತೊಂದನೆಯದು ಕಲ್ಲುಕುಟಿಗರ ಓಣಿ. ಲಿಸ್ಟಿನಲ್ಲಿ ಒಂದು. ಗಡಿಗೆಯಲ್ಲಿ ಎರಡು ಕಲ್ಲು. ಎಣಿಕೆಯ ಅಜ್ಜಿ ಅಲ್ಲೇ ಮೂಲೆಯಲ್ಲಿ ಮಂಡಿ ನೀವಿಕೊಳ್ಳುತ್ತಿದ್ದಳು.

"ಅಜ್ಜೀ! ಎರಡು ಯಾಕೆ ಹಾಕ್ದೆ?"

"ನೀನು ಇಬ್ಬರು ಅಂತ ಕೂಗ್ದೆ. ನಾನು ಎರಡು ಹಾಕ್ದೆ."

"ನಾನು ಹಾಗೆ ಕೂಗಿಲ್ಲ!"

"ಹೋಗಿರೋದು ನನ್ನ ಮಂಡಿ ಕಣೋ. ಕಿವಿಯಲ್ಲ."

ಮನೆಗೆ ಓಡಿದೆ. ಬಾಗಿಲು ತೆರೆದೇ ಇತ್ತು. ಒಲೆ ಆರಿತ್ತು. ಒಲೆಯ ಪಕ್ಕ ಬಡಿಸಿಟ್ಟ ಬಟ್ಟಲು ಎರಡು. ಎರಡರ ಮೇಲೂ ಕೆನೆ ಕಟ್ಟಿತ್ತು.

ಅಕ್ಕ ತೀರಿಕೊಂಡು ಅದು ಒಂಬತ್ತನೆಯ ದಿನ.

ಮೂವತ್ತು ವರ್ಷ ಆ ಮನೆಯಿಂದ ಒಂದೇ ಕೂಗು ಹೋಗಿದೆ. ಇಬ್ಬರು. ಎಂಟು ದಿನ ಕಾನೂನೇ ಹಾಗೆ ಕೂಗಿಸಿತು. ಒಂಬತ್ತನೆಯ ದಿನ ನಾಲಿಗೆಗೆ ಯಾರೂ ಹೇಳಲಿಲ್ಲ.

ಕೂತೆ. ಕಿಟಕಿಯಲ್ಲಿ ಬೆಳಕು ಹಳದಿಯಾಗುತ್ತಿತ್ತು. ಸುಳ್ಳು ಎಣಿಕೆ ಕೊಟ್ಟವನಿಗೆ ಊರಿನೊಳಗೆ ಜಾಗವಿಲ್ಲ. ಈ ಒಲೆ, ಅಕ್ಕನ ಮಣೆ, ಅವಳು ಕೈಯೂರಿ ಏಳುತ್ತಿದ್ದ ಜಾಗದಲ್ಲಿ ಕಪ್ಪಾದ ಗೋಡೆ... ಎಲ್ಲ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಗಂಜಿ ಕುಡಿದರೆ ಎಲ್ಲ ಉಳಿಯುತ್ತದೆ. ಹಗ್ಗದವನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

ಅಂಗೈಯಲ್ಲಿ ಅವನ ಹಗ್ಗದ ಗೆರೆ ಇನ್ನೂ ಉರಿಯುತ್ತಿತ್ತು.

ಎದ್ದು ಓಡಿದೆ! ನೂರ ಹನ್ನೆರಡು ಮೆಟ್ಟಿಲು. ಮೇಲೆ ಮುಟ್ಟಿದಾಗ ಅವನನ್ನು ಅಂಚಿಗೆ ತಂದು ನಿಲ್ಲಿಸಿದ್ದರು. ಕಾವಲಿನವನೊಬ್ಬ ನನ್ನ ಎದೆಗೆ ಈಟಿ ಅಡ್ಡ ಇಟ್ಟ.

"ನಿಲ್ಲಿಸಿ! ಹೆಚ್ಚಿನ ತಲೆ ಸಿಕ್ಕಿದೆ!"

"ಎಲ್ಲಿ?" ಎಂದ ಗಂಟುಮೋರೆ.

"ನನ್ನ ಮನೆಯಲ್ಲಿ."

"ಯಾರು?"

"ನನ್ನ ಅಕ್ಕ."

"ನಿಮ್ಮಕ್ಕ ಸತ್ತು..."

"ಒಂಬತ್ತು ದಿನ. ಇಬ್ಬರು ಅಂತ ಕೂಗಿದ್ದು ನಾನೇ. ಅಜ್ಜಿಯನ್ನ ಕೇಳಿ."

ಅವನ ಮೋರೆಯ ಗಂಟು ಸಡಿಲವಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಬಾಯಿ ಮುಚ್ಕೊಂಡಿರಬಹುದಿತ್ತಲ್ಲೋ," ಎಂದ ಮೆಲ್ಲಗೆ.

"ಹತ್ತೊಂಬತ್ತು ವರ್ಷ ಒಂದೂ ತಪ್ಪಿಲ್ಲ. ರೆಕಾರ್ಡ್ ಕೆಡಿಸೋದ್ಯಾಕೆ?"

ಹಗ್ಗದವನ ಕಟ್ಟು ಬಿಚ್ಚಿದೆ. ಅವನು ಮಣಿಕಟ್ಟು ಉಜ್ಜಿಕೊಂಡ. ನನ್ನ ಮುಖ ನೋಡಿದ.

"ಹಗ್ಗ ಕೊಡಣ್ಣ," ಎಂದ ಕೊನೆಗೆ. "ಅದು ಮಾರೋದು."

ನನ್ನನ್ನು ಹೊರಗೆ ಹಾಕಲು ನೂಲಿನ ಬಾಗಿಲು ತೆಗೆದರು. ಅಲ್ಲೊಂದು ಪದ್ಧತಿ. ಹೊರಗೆ ಹೋಗುವವರು ಎಷ್ಟು ಜನ ಎಂದು ತಾವೇ ಕೂಗಬೇಕು, ಗೋಡೆಯ ಮೇಲಿನವನಿಗೆ ಕೇಳಬೇಕು.

"ಎಷ್ಟು ಜನ? ಜೋರಾಗಿ!"

ಬಾಯಿ ತೆರೆದೆ. ನಾಲಿಗೆ ಹಳೆಯ ದಾರಿಗೇ ಹೊರಟಿತ್ತು. ಎಳೆದು ನಿಲ್ಲಿಸಿದೆ.

"ಒಬ್ಬ!"

ನನ್ನ ಕೂಗು ಗೋಡೆಗೆ ಬಡಿದು ವಾಪಸ್ ಬಂತು. ಒಬ್ಬ...

"ಎರಡು ದನಿ ಕೇಳಿಸ್ತಲ್ಲೋ!" ಎಂದ ಮೇಲಿನವನು.

"ಒಬ್ಬನೇ ಕಣಯ್ಯಾ. ಇನ್ನೊಂದು ನಿಮ್ಮ ಗೋಡೆಯದು. ಅದನ್ನ ನಾಳೆ ನೀವೇ ಎಣಿಸ್ಕೊಳ್ಳಿ!"