ಕೆಂಪು ಕಾರಿನ ನಾಲ್ಕು ಸೋಮವಾರ

ಬಡವನಹಳ್ಳಿ ದಾಟಿ ಮಧುಗಿರಿ ರಸ್ತೆ ಹಿಡಿದರೆ ಎಡಕ್ಕೆ ಹಾಲೇಶನ ವೆಲ್ಡಿಂಗ್ ಶೆಡ್ಡು. ವಾರವೆಲ್ಲ ಗೇಟು, ಟ್ರೈಲರು, ಸೈಲೆನ್ಸರು ಎಂದು ಕೆಲಸ, ಮಾತು. ಸೋಮವಾರ ಮಾತ್ರ ಅವನು ಬಾಯಿ ತೆರೆಯುತ್ತಿರಲಿಲ್ಲ. ತಾಯಿ ಶಿವರುದ್ರಮ್ಮ ಹಿಡಿದಿದ್ದ ವ್ರತ ಅದು: ಸಂಜೆ ಲಿಂಗಪೂಜೆ ಮುಗಿಯುವವರೆಗೆ ಉಪವಾಸ, ಮೌನ. ಆಕೆ ಶಿವನ ಪಾದ ಸೇರಿ ಎರಡು ವರ್ಷವಾಗಿತ್ತು, ವ್ರತ ಮಗನ ಪಾಲಿಗೆ ಬಂದಿತ್ತು.

ಪೂಜೆ ಮುಗಿದು ಮೌನ ಬಿಡುವ ಹೊತ್ತಿಗೆ ಮನೆಯಲ್ಲಿ ಮಾತಾಡಿಸಲು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಅವನ ಸೋಮವಾರ ಮಂಗಳವಾರ ಬೆಳಗಿನವರೆಗೂ ಬೆಳೆಯುತ್ತಿತ್ತು.

ಅಂಥದೊಂದು ಸೋಮವಾರ ಎರಡೇ ಸೀಟಿನ ಹಳೇ ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಇಳಿದವಳು ಗಂಗಾಲಕ್ಷ್ಮಿ. ಮಧುಗಿರಿಯಲ್ಲಿ ಅವಳದೊಂದು ಬಟ್ಟೆ ಅಂಗಡಿ, ಸೋಮವಾರ ರಜೆ.

"ಕಟೌಟ್ ಹಾಕ್ಬೇಕಿತ್ತು," ಎಂದು ಡಬ್ಬವೊಂದನ್ನು ಅವನ ಮುಂದೆ ಹಿಡಿದಳು. "ಸಿನಿಮಾದವರ ಕಟೌಟ್ ಅಲ್ಲ ಕಣ್ರೀ. ಸೈಲೆನ್ಸರ್‌ಗಿಂತ ಮುಂಚೆ ಪೈಪಿಗೊಂದು ಬಾಗಿಲು. ಸ್ವಿಚ್ ಒತ್ತಿದ್ರೆ ತೆಕ್ಕೊಂಡು ಇಂಜಿನ್ ಸದ್ದೆಲ್ಲ ನೇರ ಆಚೆಗೆ. ಬರುತ್ತಾ ನಿಮ್ಗೆ?"

ಹಾಲೇಶ ತಲೆಯಾಡಿಸಿದ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ: ಇವತ್ತು ಅಳತೆ. ಮುಂದಿನ ವಾರ ವೆಲ್ಡಿಂಗ್.

ಅವಳು ಅಕ್ಷರ ನೋಡಿದಳು, ಅವನ ತುಟಿ ನೋಡಿದಳು. ದನಿ ಮೆತ್ತಗಾಯಿತು. "ಅಯ್ಯೋ, ಮಾತು ಬರಲ್ವಾ?"

ಕುರಿ ಕಾಯುವವರ ಮನೆಯ ಮಗಳು. ಈ ಮೌನದ ಪದ್ಧತಿ ಅವಳಿಗೆ ಹೊಸದು. 'ವ್ರತ' ಎಂದು ಬರೆಯಲು ಅವನು ಬಗ್ಗಿದ. ಅಷ್ಟರಲ್ಲಿ ಅವಳು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಮಾತು ಶುರುಮಾಡಿಬಿಟ್ಟಿದ್ದಳು. ಆ ಶೆಡ್ಡಿನಲ್ಲಿ ಹಾಗೆ ಕೂತು ಯಾರಾದರೂ ಅವನೊಂದಿಗೆ ಮಾತಾಡಿ ಎರಡು ವರ್ಷವಾಗಿತ್ತು. ಸೀಮೆಸುಣ್ಣ ಜೇಬಿಗೆ ಮರಳಿತು.

"ನಮ್ಮನೆಯವರು ನಟರಾಜು, ಈ ಕಾರಿನ ಹುಚ್ಚು ಅವರಿಗೆ. ಡಬ್ಬ ತರಿಸಿಟ್ಟು ಹಂಗೇ ಹೋಗ್ಬುಟ್ರು. ನಾಕು ವರ್ಷ ಆಯ್ತು. ಮನೇಲಿ ನಲ್ಲಿ ತೊಟ್ಟಿಕ್ಕೋದೂ ಕೇಳುತ್ತೆ ಕಣ್ರೀ. ಕಾರಾದ್ರೂ ಗಟ್ಟಿಯಾಗಿ ಮಾತಾಡ್ಲಿ ಅಂತ."

ಎರಡನೇ ವಾರ ಅವನು ಪೈಪು ಕೊಯ್ದು ಕವಲು ಕೂರಿಸಿದ. ಮೂರನೇ ವಾರ ಮೋಟಾರು, ವೈರು. ಅವಳು ಅಕ್ಕಿರೊಟ್ಟಿ ತಂದಳು. ಅವನು ಬೇಡವೆಂದು ಕೈಮುಗಿದ.

"ನನ್ ಅಡುಗೆ ಮೇಲೆ ನಂಬಿಕೆ ಇಲ್ವಾ? ನಿಮ್ ಸೀಮೆಸುಣ್ಣದಾಗೆ ಬೈದ್ಬುಡಿ, ನಾನೇನೂ ಬೇಜಾರ್ ಮಾಡ್ಕೊಳಲ್ಲ."

ಅವನ ಕಣ್ಣು ನಕ್ಕಿತು. ವೆಲ್ಡಿಂಗ್ ಕನ್ನಡಕ ಇಳಿಸಿಕೊಂಡು ಆ ನಗೆಯನ್ನು ಮುಚ್ಚಿದ. ಮುಚ್ಚುವ ಮೊದಲೇ ಅವಳು ನೋಡಿಯಾಗಿತ್ತು.

ನಾಲ್ಕನೇ ಸೋಮವಾರ ಕೆಲಸ ಮುಗಿಯಿತು. ಸ್ವಿಚ್ ಒತ್ತಿದರೆ ತಗಡಿನ ಶೆಡ್ಡೇ ಗಡಗಡ ಅದುರಿತು. 'ಊರೊಳಗೆ ಮುಚ್ಚಿ, ಬಯಲಲ್ಲಿ ತೆಗೆಯಿರಿ' ಎಂದು ಬರೆದ. ಇನ್ನು ಬರಲು ಅವಳಿಗೆ ಕಾರಣವಿಲ್ಲ.

ಅವಳು ಬೀಗದ ಕೈ ಬೆರಳಿಗೆ ಸುತ್ತುತ್ತ ನಿಂತಳು. "ನೀವು ಯಾರಿಗೂ ಹೇಳಲ್ಲ ಅಂತ ಹೇಳ್ತೀನಿ. ನಂಗೆ ಭಾನುವಾರ ನಿದ್ದೆ ಬರಲ್ಲ. ಯಾವಾಗ ಬೆಳಗಾಗುತ್ತೆ, ಈ ಶೆಡ್ಡಿಗೆ ಯಾವಾಗ ಬರ್ತೀನಿ ಅಂತ. ಗಂಡ ಹೋದೋಳಿಗೆ ಇದು ತಪ್ಪಾ?"

ಇನ್ನು ಕದ್ದು ಕೇಳುವುದು ಅವನಿಂದಾಗಲಿಲ್ಲ. ಮಂಡಿಯೂರಿ ಬರೆದ: ನನಗೆ ಮಾತು ಬರುತ್ತೆ. ಸೋಮವಾರ ಮೌನವ್ರತ. ಮೊದಲ ದಿನವೇ ತಿಳಿಸಬೇಕಿತ್ತು.

ಅವಳು ಎರಡು ಸಲ ಓದಿದಳು. ಕಿವಿಯವರೆಗೂ ಮುಖ ಕೆಂಪಾಯಿತು. "ಮಾತು ಬರೋರ ಮುಂದೆ ಯಾವಳಾದ್ರೂ ಇದೆಲ್ಲ ಹೇಳ್ತಾಳಾ? ಆಡಿಸ್ಕೊಂಡು ನೋಡ್ತಾ ಕೂತಿದ್ರಾ?"

ಕಾರು ಹೊರಟಿತು. 'ನಿಲ್ಲಿ' ಎಂಬ ಮಾತು ಅವನ ಹಲ್ಲಿನವರೆಗೂ ಬಂತು. ಹೊತ್ತು ಇನ್ನೂ ಆಳೆತ್ತರ ಮೇಲಿತ್ತು, ಪೂಜೆಯಾಗಿರಲಿಲ್ಲ. ನುಂಗಿಕೊಂಡ. ಬಯಲಿಗೆ ಬಿದ್ದ ಮೇಲೆ ಅವಳು ಸ್ವಿಚ್ ಒತ್ತಿರಬೇಕು. ಸದ್ದು ಬಹಳ ದೂರದವರೆಗೆ ಕೇಳಿಸಿ, ಗುಡ್ಡದ ತಿರುವಿನಲ್ಲಿ ಪಟ್ಟನೆ ನಿಂತುಹೋಯಿತು.

ಸಂಜೆ ಅಂಗೈಯಲ್ಲಿ ಲಿಂಗ ಹಿಡಿದು ಕೂತ. ದಿನವೂ ತಾಯಿಗಾಗಿ ಬೇಡುತ್ತಿದ್ದವನು ಅಂದು, 'ಅವಳ ಮನಸ್ಸು ನೋಯಿಸಿದೆ ತಂದೆ, ಅದನ್ನಷ್ಟು ಸರಿಮಾಡು' ಎಂದ. ತನಗಾಗಿ ಏನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಕೆಂಪು ಕಾರು ಬಂತು.

"ಅಂಗಡಿ ಬಾಗಿಲು ಹಾಕ್ಬುಟ್ಟು ಬಂದೀನಿ," ಅಂದಳು ಗಂಗಾಲಕ್ಷ್ಮಿ, ನೆಲ ನೋಡುತ್ತ. "ಮಂಗಳವಾರ ಅಲ್ವಾ, ಇವತ್ತು ನೀವು ಹೇಳಿ. ನಾನು ಸುಮ್ಕಿರ್ತೀನಿ."

ಹಾಲೇಶ ಗಂಟಲು ಸರಿಮಾಡಿಕೊಂಡ. "ಇದು ಒಂದು ದಿನದ ಕೆಲ್ಸ. ನಾಕು ವಾರ ಎಳೆದೆ."

"ಗೊತ್ತು. ನಟರಾಜು ಹೆಂಡ್ತಿ ಕಣ್ರೀ ನಾನು. ಆ ವೈರಿಂಗ್‌ಗೆ ಒಂದು ಗಂಟೆ ಸಾಕು ಅಂತ ತಿಳೀದಾ?"

"ಸುಮ್ಕಿರ್ತೀನಿ ಅಂದ್ರಿ."

ಅವಳು ಬಾಯಿಗೆ ಬೆರಳಿಟ್ಟುಕೊಂಡಳು. ಕಣ್ಣು ಮಾತ್ರ ಸುಮ್ಮನಿರಲಿಲ್ಲ.

"ನಿನ್ನೆ ಕೇಳಿದ್ರಲ್ಲ, ತಪ್ಪಾ ಅಂತ." ಹಾಲೇಶ ಅವಳತ್ತ ತಿರುಗಿದ. "ತಪ್ಪಾದ್ರೆ ಅದರಾಗೆ ಅರ್ಧ ನಂದು. ಭಾನುವಾರ ನಂಗೂ ನಿದ್ದೆ ಬರ್ತಿರ್ಲಿಲ್ಲ, ಗಂಗಾಲಕ್ಷ್ಮಿ."

ತನ್ನ ಹೆಸರು ಅವನ ಬಾಯಲ್ಲಿ ಹೇಗಿರುತ್ತದೆಂದು ಅವಳು ಮೊದಲ ಸಲ ಕೇಳಿದ್ದಳು. ಇನ್ನೊಮ್ಮೆ ಹೇಳಿ ಎನ್ನಬೇಕೆನಿಸಿತು. ಆದರೂ ಆಡಿದ ಮಾತಿಗೆ ತಪ್ಪದೆ, ಅವನ ಪಕ್ಕಕ್ಕೆ ಸರಿದು ಸುಮ್ಮನೆ ಕೂತಳು.