ಅರವತ್ತು ದಾಟದ ಕಳ್ಳ

"ಪೆಡಲ್ ಮೇಲೆ ಕಾಲಿಡ್ತೀಯೋ, ಜಿರಲೆ ಹೊಸಕ್ತೀಯೋ? ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಓಡಿದ್ರೆ ನನ್ನ ಪುಣ್ಯ! ನಿಂಗೆ ಕಾರು ಬೇರೆ ಕೊಡಬೇಕಾ?"

ನಾದಿನಿಯ ಮದುವೆಗೆ ಒಂದು ದಿನ ಕಾರು ಕೇಳಿದ ಡ್ರೈವರಿಗೆ ಹಲ್ಲಿನ ಡಾಕ್ಟರಮ್ಮ ಕೊಟ್ಟ ಉತ್ತರ ಇದು. ಅದೂ ನರ್ಸ್ ಎದುರಿಗೆ. ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಅವನು ಆಗಲೇ "ಕಾರು ನಮ್ದೇ ಅಂದ್ಕೊಳ್ಳಿ" ಎಂದು ಕೊಚ್ಚಿಕೊಂಡಾಗಿತ್ತು.

ಇನ್ನು ಉಳಿದದ್ದು ಭಾವಮೈದುನನ ಹಳೇ ಕಾರು. ಅದರ ಟ್ಯಾಂಕಿನಲ್ಲಿ ಗಾಳಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅದು ಮದುವೆಗೆ ಡಾಕ್ಟರಮ್ಮನ ಪೆಟ್ರೋಲಿನಲ್ಲೇ ಹೋಗಬೇಕೆಂದು ಅವನು ತೀರ್ಮಾನಿಸಿದ.

ನೂರರಲ್ಲಿ ಹೊಡೆದರೆ ಎದುರುಗಾಳಿ ತಳ್ಳುವುದಕ್ಕೇ ಪೆಟ್ರೋಲೆಲ್ಲ ಹೋಗುತ್ತದೆ. ಅರವತ್ತರಲ್ಲಿ, ಮೇಲಿನ ಗೇರಿನಲ್ಲಿ, ಎಸಿ ಹಾಕದೆ ಹೋದರೆ ಗಾಡಿ ಮೂಸಿ ನೋಡಿದಷ್ಟೇ ಕುಡಿಯುತ್ತದೆ. ಊರಾಚೆಯ ಹಲ್ಲುಸೆಟ್ಟಿನ ಲ್ಯಾಬಿಗೆ ಅವನು ದಿನಾ ಒಬ್ಬನೇ ಹೋಗಿಬರುತ್ತಿದ್ದ. ಉಳಿಸಿದ್ದನ್ನು ಪೈಪಿನಲ್ಲಿ ಎಳೆದು ಕ್ಯಾನಿಗೆ ತುಂಬಿಸಿದರಾಯಿತು; ಡಾಕ್ಟರಮ್ಮನ ಲೆಕ್ಕಕ್ಕೆ ಅದೇ ಹದಿನಾಲ್ಕು. ಇದು ಕಳ್ಳತನ ಹೇಗಾದೀತು? ತನ್ನ ತಾಳ್ಮೆಯ ಸಂಪಾದನೆ!

ಹೀಗೆ ಶುರುವಾಯಿತು ಹೆದ್ದಾರಿ ಕಂಡ ಅತಿ ಸಭ್ಯ ಕಳ್ಳತನ. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು. ಬೈಕಿನವನೊಬ್ಬ ಪಕ್ಕಕ್ಕೆ ಬಂದು "ಏನಣ್ಣಾ, ಈಗ ಕಲೀತಿದ್ದೀರಾ?" ಎಂದ. ಡ್ರೈವರ್ ಅವಮಾನ ನುಂಗಿಕೊಂಡ; ದೊಡ್ಡ ತಲೆಯವರು ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆಯೇ? ಗಾಳಿ ಅಡ್ಡಗಟ್ಟುತ್ತದೆಂದು ಕಿಟಕಿಯನ್ನೂ ಮುಚ್ಚಿದ್ದ. ಬೆವರಿ ಬೆವರಿ ಅಂಗಿ ಹಿಂಡುವಂತಾಯಿತು. ಸ್ಪೀಡೋಮೀಟರಿನ ಕೆಳಗಿನ ಪುಟ್ಟ ಅಂಕಿ ಹದಿನಾಲ್ಕರಿಂದ ಹದಿನೆಂಟಕ್ಕೆ, ಆಮೇಲೆ ಇಪ್ಪತ್ತಕ್ಕೆ ಏರಿತು. ಏರದೆ ಏನು ಮಾಡೀತು, ಅಷ್ಟು ಸೆಕೆ! ಅವನು ಹಣೆ ಒರೆಸಿಕೊಂಡು ತನ್ನ ತ್ಯಾಗಕ್ಕೆ ತಾನೇ ಮರುಗಿದ.

ಮದುವೆಯ ಹಿಂದಿನ ದಿನ ಕ್ಯಾನು ತುಂಬಿ ಡಿಕ್ಕಿಯಲ್ಲಿ ಕೂತಿತ್ತು. ಡಾಕ್ಟರಮ್ಮ ಅಂದು ಹಿಂದಿನ ಸೀಟಿಗೆಲ್ಲ ಔಷಧಿಯ ಪೆಟ್ಟಿಗೆ ತುಂಬಿಸಿ, ಮೊದಲ ಸಲ ಮುಂದೆ ಕೂತರು. ಸ್ವಲ್ಪ ದೂರ ಹೋದ ಮೇಲೆ ಅವನತ್ತ ಬಾಗಿ, "ಇದೇನು, ಇಪ್ಪತ್ತೆರಡು?" ಎಂದರು. "ಎಸಿ ಹಾಕಿಲ್ಲ ಮೇಡಂ, ಅದಕ್ಕೇ ಸೆಕೆ ಏರಿದೆ. ಈಗ ಹಾಕ್ತೀನಿ, ಇಳಿಯುತ್ತೆ ನೋಡಿ." "ಸೆಕೆ ಅಲ್ಲ ಕಣಯ್ಯಾ ಅದು. ಗಾಡಿ ಲೀಟರಿಗೆ ಎಷ್ಟು ಓಡ್ತಿದೆ ಅಂತ ತೋರಿಸೋದು. ಮತ್ತೆ ನನಗ್ಯಾಕೆ ಹದಿನಾಲ್ಕೇ ಸಿಗ್ತಿದೆ?" ಅವನ ಕಾಲು, ಜಿರಲೆ ಹೊಸಕುವ ಹಾಗೆ, ಬ್ರೇಕಿನ ಮೇಲೆ ಬಿತ್ತು. ಡಿಕ್ಕಿಯಲ್ಲಿ ಕ್ಯಾನು ಉರುಳಿ, ಗುಳುಗುಳು ಎಂದಿತು.