ಕುಮುದಿನಿಯವರ ಒಂದು ಪಾತ್ರ ಕಾಣೆಯಾದದ್ದು

ಬೆಳಿಗ್ಗೆ ಎಂಟಕ್ಕೆ, ದಾಂಡೇಲಿಯ ಸಮುದಾಯ ಭವನದಲ್ಲಿ, ಲೋಕೇಶನ ಕೈಯಲ್ಲಿ ಒಂದು ಚೀಟಿ ಉಳಿದುಬಿಟ್ಟಿತು.

ಹಳಿಯಾಳದಲ್ಲಿ ಹುಟ್ಟಿ ಸಿನಿಮಾದಲ್ಲಿ ಹೆಸರಾದ ಕುಮುದಿನಿಯವರ ಪಾತ್ರಗಳ ಫೋಟೋ ಪ್ರದರ್ಶನ ಅಂದು ಹನ್ನೊಂದಕ್ಕೆ ಆರಂಭವಾಗಬೇಕಿತ್ತು. ಏರ್ಪಾಡೆಲ್ಲ ಲೋಕೇಶನದು. ಹಿಂದಿನ ದಿನವೇ ಇಪ್ಪತ್ನಾಲ್ಕು ಚೌಕಟ್ಟುಗಳನ್ನು ಮೇಜುಗಳ ಮೇಲೆ ಸಾಲಾಗಿ ನಿಲ್ಲಿಸಿದ್ದ. ಬೆಳಿಗ್ಗೆ ಒಂದೊಂದಕ್ಕೂ ಪಾತ್ರದ ಹೆಸರಿನ ಚೀಟಿ ಅಂಟಿಸಿದಾಗ ಉಳಿದದ್ದು: "ಉಗ್ಗು ಮಾತಿನ ಕೆಲಸದಾಕೆ ತಂಗವ್ವ". ಆ ಪಾತ್ರಕ್ಕೆ ಪ್ರಶಸ್ತಿ ಬಂದಿತ್ತು. ಅದರ ಫೋಟೋ ಇದ್ದದ್ದು ಒಂದೇ, ಅದೇ ಚೌಕಟ್ಟು ಸಮೇತ ಕಾಣೆಯಾಗಿತ್ತು.

ಭವನದ ಕೀಲಿ ಇದ್ದದ್ದು ಕಸ ಗುಡಿಸುವ ಕಾಶೆವ್ವನ ಹತ್ತಿರ. ನಾನು, ಶೇಖಪ್ಪ ಮಾಸ್ತರ, ಮೂವತ್ತು ವರ್ಷ ಮಕ್ಕಳಿಗೆ ನ್ಯಾಯ ಹೇಳಿದವನು, ಎಲ್ಲರ ಮುಂದೆ ಗದರಿಸಿದೆ: "ಚೀಲ ತಗೀ!"

ಅವಳು ಚೀಲವನ್ನು ನೆಲಕ್ಕೆ ಸುರುವಿದಳು. ಎರಡು ರೊಟ್ಟಿ, ಒಂದು ಹಳೆ ಸೀರೆ, ಗುಳಿಗೆಯ ಡಬ್ಬಿ. ಆದರೂ ಭವನದ ಕಮಿಟಿಯವರು, "ಇವತ್ತಿಂದ ಕೆಲಸಕ್ಕ ಬರಬ್ಯಾಡ" ಅಂದುಬಿಟ್ಟರು.

ಅಷ್ಟರಲ್ಲಿ ಗೆಳೆಯ ಅಂದಾನೆಪ್ಪ ಬಂದ. ಕಾಗದದ ಕಾರ್ಖಾನೆಯಲ್ಲಿ ಟೈಮ್ ಕೀಪರ್ ಆಗಿದ್ದವನು. ಊರಿನ ಬಿಡಿಸಲಾರದ ಗಂಟುಗಳೆಲ್ಲ ಅವನ ಮನೆಗೇ ಹೋಗುತ್ತಿದ್ದವು. ಅವನು ಮೇಜುಗಳ ಉದ್ದಕ್ಕೂ ನಡೆದು ಕೇಳಿದ: "ಲೋಕೇಶಾ, ಒಂದು ಹೋದ ಮ್ಯಾಲೆ ನಡುವ ಖಾಲಿ ಜಾಗ ಇರಬೇಕಲ್ಲ?"

"ಇಲ್ರಿ. ಉಳಿದವನ್ನ ಸರಿಸಿ ಕೂಡಿಸ್ಯಾರ."

"ಚೀಟಿ ಯಾರು ಮಾಡಿದ್ರು?"

"ನಿನ್ನೆ ಮಧ್ಯಾಹ್ನ ನಾ ಬರದ್ನಿ, ಕಾಶೆವ್ವ ಕತ್ತರಿಸಿ ಕೊಟ್ಳು. ರಾತ್ರಿ ನನ್ನ ಕಿಸೆದಾಗ ಇದ್ವು."

ಅಂದಾನೆಪ್ಪ ಕಾಶೆವ್ವನ ಪಕ್ಕದಲ್ಲಿ ನೆಲದ ಮೇಲೇ ಕೂತ. "ನಿನ್ನೆ ಸಂಜಿಕೆ ಭವನ ಬಿಟ್ಟು ಎಲ್ಲೆರ ಹೋಗಿದ್ದೇನವಾ?"

"ಐದಕ್ಕ ಕುಮುದಿನಿ ಬಾಯಾರು ಫೋಟೋ ನೋಡಾಕ ಬಂದಿದ್ರು. ಚಾ ತಾ ಅಂದ್ರು. ಬಸ್ ಸ್ಟ್ಯಾಂಡಿಗೆ ಹೋಗಿ ತಂದೆ. ಆಮ್ಯಾಲೆ ಕೀಲಿ ಹಾಕಿದೆ."

ನಾವು ನೇರವಾಗಿ ಕುಮುದಿನಿಯವರು ಇಳಿದುಕೊಂಡಿದ್ದ ಅತಿಥಿಗೃಹಕ್ಕೆ ಹೋದೆವು. ವಿಷಯವನ್ನು ಅಲ್ಲಿಗೆ ಯಾರೂ ಮುಟ್ಟಿಸಿರಲಿಲ್ಲ. ಬಾಗಿಲು ತೆರೆದವರು ಕುಮುದಿನಿಯವರ ಅಕ್ಕ ಶಂಕ್ರೆವ್ವ. ಪ್ರದರ್ಶನ ಉದ್ಘಾಟಿಸಲು ಅತ್ತಿವೇರಿಯಿಂದ ಅವರನ್ನು ಕರೆಸಿದ್ದರು. "ಬ... ಬರ್ರಿ" ಎಂದು ಒಳಗೆ ಸರಿದರು. ಏದುಸಿರು ಇರಬೇಕು ಅಂದುಕೊಂಡೆ.

"ಎಷ್ಟು ಪಾತ್ರ ಇಟ್ಟಾರ್ರಿ ಬಾಯಾರ?" ಅಂದಾನೆಪ್ಪ ಸಹಜವಾಗಿ ಕೇಳಿದ.

"ಇಪ್ಪತ್ಮೂರು" ಎಂದರು ಒಳಗೆ ಕೂತಿದ್ದ ಕುಮುದಿನಿ.

ಹತ್ತಕ್ಕೆ ಎಲ್ಲರನ್ನೂ ಭವನದಲ್ಲಿ ಕೂಡಿಸಿ ಅಂದಾನೆಪ್ಪ ಮಾತು ತೆಗೆದ.

"ಕಳ್ಳಗ ವಸ್ತು ಸಿಕ್ಕರ ಸಾಕು, ಖಾಲಿ ಜಾಗ ಮುಚ್ಚೂದಿಲ್ಲ. ಹಂಗಾರ ಇದು ಕಳವು ಅಲ್ಲ. ಆ ಫೋಟೋ ಯಾರ ಕಣ್ಣಿಗೂ ಬೀಳಬಾರದು, ಹೋದದ್ದೂ ತಿಳೀಬಾರದು ಅಂತ ತಗದಾರ. ಆದ್ರ ಚೀಟಿ ಉಳೀತು. ಚೀಟಿ ಇರೂದು ಲೋಕೇಶಗ ಗೊತ್ತು, ಅವ ತಗದಿದ್ರ ಅದನ್ನೂ ಹರಿದು ಒಗೀತಿದ್ದ. ಕಾಶೆವ್ವ ತಾನ ಕತ್ತರಿಸ್ಯಾಳ, ಒಂದು ಉಳದ್ರ ಸಿಕ್ಕಿ ಬೀಳ್ತೇನಿ ಅನ್ನೂದು ಅಕಿಗೂ ಗೊತ್ತು. ಚೀಟಿ ಸುದ್ದಿ ಗೊತ್ತಿರದವರು, ಒಬ್ಬರ ಇಲ್ಲಿ ಇದ್ದವರು ಯಾರು? ಚಾ ತರಾಕ ಕಳಿಸಿದವರು. ಲೋಕೇಶ ಇಪ್ಪತ್ನಾಲ್ಕು ಇಟ್ಟಿದ್ದಾಗ, ಯಾರೂ ಹೇಳದ ಇಪ್ಪತ್ಮೂರು ಅಂದವರೂ ಅವರ. ಯಾಕ ತಗದ್ರು, ಅದೊಂದು ನನಗ ತಿಳೀವಲ್ದು."

ಕುಮುದಿನಿಯವರ ಮುಖ ಬಿಳುಚಿತು. ಅವರು ಬಾಯಿ ತೆರೆಯುವ ಮುನ್ನ ಶಂಕ್ರೆವ್ವ ಎದ್ದರು.

"ನ... ನನಗ ತಿಳೀತೈತಿ."

ತಂಗವ್ವನ ಮಾತು ಯಾರ ಮಾತೆಂದು ಆಗ ನಮಗೆ ಹೊಳೆಯಿತು. ಊರೂರಲ್ಲಿ ಅದನ್ನು ಅಣಕಿಸಿ ನಕ್ಕವರಲ್ಲಿ ನಾನೂ ಒಬ್ಬ.

ಕುಮುದಿನಿ ತಲೆ ಎತ್ತಲಿಲ್ಲ. "ಅಕ್ಕನ ಮಾತು ಕದ್ದು ಪ್ರಶಸ್ತಿ ತಗೊಂಡೆ. ಆ ಸಿನಿಮಾ ಬಂದ ಮ್ಯಾಲೆ ಅಕಿ ಸಂತಿಗೂ ಹೋಗಲಿಲ್ಲ. ಇವತ್ತು ಅಕಿ ಮುಂದ ಅದನ್ನ ಹೆಂಗ ಇಡಲಿ? ತಗದು ಕಾರಿನ್ಯಾಗ ಇಟ್ಟೇನಿ."

"ನ... ನನ್ನಂಗ ಮಾತಾಡಿದ್ದಕ್ಕ ಸಿಟ್ಟಿಲ್ಲ" ಎಂದರು ಶಂಕ್ರೆವ್ವ. "ಮಂದಿ ನಕ್ಕಾಗ ನೀ... ನೀನೂ ನಕ್ಕಿ. ಅದು ಇರಲಿ. ಮೊ... ಮೊದಲ ಕಾಶೆವ್ವಗ ಹೇಳು."

ಕುಮುದಿನಿ ಎಲ್ಲರೆದುರು ಕಾಶೆವ್ವನ ಕೈ ಹಿಡಿದು ತಪ್ಪಾಯಿತು ಎಂದರು. ಕಮಿಟಿಯವರು ಕೆಲಸಕ್ಕೆ ಬಾ ಎಂದರು.

ನಾನು ಕಾಶೆವ್ವನನ್ನು ಪಡಸಾಲೆಗೆ ಕರೆದೆ. "ನಂದೂ ತಪ್ಪಾತವಾ" ಎಂದೆ, ಯಾರಿಗೂ ಕೇಳದ ಹಾಗೆ.

ಅವಳು ನನ್ನನ್ನು ನೋಡಿದಳು. "ಮಾಸ್ತರ, ಚೀಲ ತಗಿಸಿದ್ದು ಒಳಗ ರೀ, ಮಂದಿ ಮುಂದ. ತಪ್ಪಾತು ಅನ್ನಾಕ ಹೊರಗ ಯಾಕ ಕರದ್ರಿ?"

ಒಳಗೆ ಆಗಲೇ ನೂರಾರು ಜನ ಸೇರಿದ್ದರು, ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ವೇದಿಕೆ ಹತ್ತಿ ಲೋಕೇಶನ ಕೈಯಿಂದ ಮೈಕು ತೆಗೆದುಕೊಂಡೆ.